ಕಷ್ಟ ಕೊಟ್ಟವರು ಯಾರು? ದೇವರ ಪಾಲು, ನಮ್ಮ ಪಾಲು

2018ರ ನವೆಂಬರ್ 24, ಶನಿವಾರ. ಮಂಡ್ಯ ಜಿಲ್ಲೆ ಪಾಂಡವಪುರ ತಾಲೂಕಿನ ಕನಗನಮರಡಿ ಹತ್ತಿರ ಒಂದು ಖಾಸಗಿ ಬಸ್ಸು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಉರುಳಿತು. 30 ಜನ ಸತ್ತರು. ಅವರಲ್ಲಿ ಶನಿವಾರದ ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ಅದೇ ರಾತ್ರಿ ಬೆಂಗಳೂರಿನಲ್ಲಿ ಅಂಬರೀಶ್ ತೀರಿಕೊಂಡರು. ಹಾಗಾಗಿ ಮಂಡ್ಯದವರಿಗೆ ಆ ತಾರೀಖು ಮರೆಯುವಂಥದ್ದಲ್ಲ.

ಇಂಥ ಸಾವು ಆದಾಗ ನಮ್ಮ ಕಡೆ ಮೂರು ತರದ ಮಾತು ಕೇಳಿಬರುತ್ತದೆ. "ದೇವರಿಗೆ ಕಣ್ಣಿಲ್ಲ ಕಣಣ್ಣ." "ಅವರ ಆಯಸ್ಸು ಅಷ್ಟೇ ಇತ್ತು, ಬಸ್ಸು ಸುಮ್ನೆ ಒಂದು ನೆಪ." "ನಾಲೆ ಏರಿ ಮೇಲೆ ತಡೆಗೋಡೆ ಇದ್ದಿದ್ರೆ ಬೀಳ್ತಿತ್ತಾ?" ಒಬ್ಬನೇ ಮನುಷ್ಯ ಒಂದು ಲೋಟ ಟೀ ಮುಗಿಸುವಷ್ಟರಲ್ಲಿ ಮೂರನ್ನೂ ಹೇಳಿಬಿಡುತ್ತಾನೆ. ಮೊದಲನೆಯದರಲ್ಲಿ ತಪ್ಪು ದೇವರದು. ಎರಡನೆಯದರಲ್ಲಿ ಸತ್ತವರ ಹಣೆಬರಹದ್ದು. ಮೂರನೆಯದರಲ್ಲಿ ಬದುಕಿರುವ ನಮ್ಮದು.

ಈ ಮೂರೂ ಒಟ್ಟಿಗೆ ನಿಜ ಆಗಬಹುದಾ? ತತ್ತ್ವಶಾಸ್ತ್ರದಲ್ಲಿ ಎರಡು ಸಾವಿರ ವರ್ಷದಿಂದ ನಡೆದಿರುವ ಜಗಳ ಹೆಚ್ಚುಕಮ್ಮಿ ಇದೇ. ಲೋಕವನ್ನು ಮಾಡಿದವನು ಒಬ್ಬ ಇದ್ದರೆ, ಲೋಕದ ನೋವಿಗೆ ಅವನು ಹೊಣೆಯೇ? ಎಲ್ಲ ಅವನೇ ಮಾಡಿಸುವುದಾದರೆ ನನ್ನ ಇಷ್ಟ ಅನ್ನುವುದಕ್ಕೆ ಏನು ಬೆಲೆ?

ಪ್ರಶ್ನೆಯನ್ನು ಬಿಗಿಯಾಗಿ ಕಟ್ಟಿದವನು ಗ್ರೀಸಿನ ಎಪಿಕ್ಯೂರಸ್ ಅನ್ನುತ್ತಾರೆ. ಕ್ರಿಸ್ತಪೂರ್ವ ಕಾಲದವನು. ಅವನ ಹೆಸರಲ್ಲಿ ಬಂದಿರುವ ಮಾತಿನ ಸಾರ ಇಷ್ಟು: ಕೆಡುಕನ್ನು ತಡೆಯಬೇಕು ಅಂತ ದೇವರಿಗೆ ಮನಸ್ಸಿದ್ದು ಕೈಲಾಗದಿದ್ದರೆ ಅವನಿಗೆ ಶಕ್ತಿ ಇಲ್ಲ. ಕೈಲಾಗಿಯೂ ಮನಸ್ಸಿಲ್ಲದಿದ್ದರೆ ಕರುಣೆ ಇಲ್ಲ. ಎರಡೂ ಇದ್ದರೆ ಈ ಕೆಡುಕು ಎಲ್ಲಿಂದ ಬಂತು? ಆಮೇಲೆ ಬಂದ ಉತ್ತರಗಳನ್ನೆಲ್ಲ ಗಮನಿಸಿ ನೋಡಿದರೆ ಒಂದು ವಿಷಯ ಕಾಣುತ್ತದೆ. ಪ್ರತಿ ಉತ್ತರವೂ ಏನನ್ನೋ ಒಂದನ್ನು ಬಿಟ್ಟುಕೊಡುತ್ತದೆ. ಕೆಲವರು ದೇವರ ಶಕ್ತಿಯನ್ನು ಸ್ವಲ್ಪ ಇಳಿಸುತ್ತಾರೆ. ಕೆಲವರು ಕರುಣೆ ಅನ್ನುವುದರ ಅರ್ಥವನ್ನೇ ಬದಲಿಸುತ್ತಾರೆ. ಇನ್ನು ಕೆಲವರು ನೋವೇ ಪೂರ್ತಿ ನಿಜವಲ್ಲ ಅನ್ನುತ್ತಾರೆ. ಏನನ್ನೂ ಬಿಟ್ಟುಕೊಡದ ಉತ್ತರವನ್ನು ನಾನಂತೂ ನೋಡಿಲ್ಲ.

ದೇವರ ಪಾಲಿಗೆ ಹೋಗುವ ಮೊದಲು ನಮ್ಮ ಪಾಲನ್ನು ಬೇರೆ ಮಾಡಿಟ್ಟುಕೊಳ್ಳೋಣ. ಕೊಲೆ, ಯುದ್ಧ, ಮೋಸ ಎಲ್ಲ ಮನುಷ್ಯರ ಕೆಲಸ. ಭೂಕಂಪ, ರೋಗ, ಬರ ಪ್ರಕೃತಿಯವು. ಸಾಮಾನ್ಯವಾಗಿ ಹೀಗೆ ಎರಡು ರಾಶಿ ಮಾಡಿ, ಎರಡನೆಯದನ್ನು ನೇರ ದೇವರ ಲೆಕ್ಕಕ್ಕೆ ಹಾಕುತ್ತಾರೆ. ಆದರೆ ಆ ಗೆರೆ ಅಷ್ಟು ಸಲೀಸಾಗಿ ಎಳೆಯಲು ಬರುವುದಿಲ್ಲ.

1755ರ ನವೆಂಬರ್ 1ರಂದು ಪೋರ್ಚುಗಲ್ಲಿನ ಲಿಸ್ಬನ್ ನಗರದಲ್ಲಿ ಭೂಮಿ ನಡುಗಿತು. ಅವತ್ತು ಸಕಲ ಸಂತರ ಹಬ್ಬ. ಬೆಳಗಿನ ಪ್ರಾರ್ಥನೆಗೆ ಜನ ಚರ್ಚುಗಳಲ್ಲಿ ಸೇರಿದ್ದರು. ಚರ್ಚುಗಳೇ ತಲೆ ಮೇಲೆ ಬಿದ್ದವು. ಆಮೇಲೆ ಸಮುದ್ರ ಉಕ್ಕಿ ಬಂತು, ಊರಿಗೆ ಬೆಂಕಿ ಹತ್ತಿತು. ಸಾವಿರಾರು ಜನ ಸತ್ತರು. ಪೂಜೆಗೆ ಹೋದವರನ್ನೇ ಕೊಂದ ದೇವರು ಎಂಥವನು ಅಂತ ಯೂರೋಪು ತತ್ತರಿಸಿತು. ಇರುವುದರಲ್ಲಿ ಇದೇ ಅತ್ಯುತ್ತಮ ಲೋಕ ಎಂದು ಹೇಳುತ್ತಿದ್ದವರನ್ನು ವೋಲ್ಟೇರ್ ಪದ್ಯ ಬರೆದು ಹಂಗಿಸಿದ. 1756ರಲ್ಲಿ ಅವನಿಗೆ ರೂಸೋ ಒಂದು ಕಾಗದ ಬರೆದ. ಅಲ್ಲಿ ಆರೇಳು ಅಂತಸ್ತಿನ 20,000 ಮನೆಗಳನ್ನು ಒತ್ತೊತ್ತಾಗಿ ಕಟ್ಟಿದ್ದು ಪ್ರಕೃತಿ ಅಲ್ಲವಲ್ಲ ಅನ್ನುವುದು ಅದರಲ್ಲಿನ ಒಂದು ಮಾತು. ಜನ ಚದುರಿಕೊಂಡು, ಸಣ್ಣ ಮನೆಗಳಲ್ಲಿ ಇದ್ದಿದ್ದರೆ ನಷ್ಟ ಎಷ್ಟೋ ಕಡಿಮೆ ಆಗುತ್ತಿತ್ತು ಅಂತ ಅವನ ವಾದ. ಕನಗನಮರಡಿಯ ತಡೆಗೋಡೆ ಮಾತಿಗೂ ಇದಕ್ಕೂ ಹೆಚ್ಚು ವ್ಯತ್ಯಾಸ ಇಲ್ಲ, ಅಲ್ವಾ?

ಮೈಸೂರಿನಲ್ಲೂ ಇದೇ ಕಥೆ ಇದೆ. 1898ರಲ್ಲಿ ಮೈಸೂರು ಸಂಸ್ಥಾನಕ್ಕೆ ಪ್ಲೇಗು ಬಂತು. ಜನ ಮನೆ ಬಿಟ್ಟು ಊರಾಚೆ ಗುಡಿಸಲು ಹಾಕಿಕೊಂಡರು. ಹಳೇ ಮೈಸೂರು ಸೀಮೆಯಲ್ಲಿ ಪ್ಲೇಗ್ ಮಾರಮ್ಮನ ಗುಡಿಗಳು ಎದ್ದವು. ಅಮ್ಮ ಮುನಿದಿದ್ದಾಳೆ, ಅವಳನ್ನು ತಣ್ಣಗೆ ಮಾಡಬೇಕು ಎಂದು ಕೋಳಿ, ಕುರಿ ಕೊಟ್ಟರು. ಪ್ಲೇಗಿನ ರೋಗಾಣುವನ್ನು ಹಾಂಗ್‌ಕಾಂಗಿನಲ್ಲಿ ಯರ್ಸಿನ್ ಕಂಡುಹಿಡಿದು ಆಗಿನ್ನೂ ನಾಲ್ಕು ವರ್ಷ. ಇಲಿ ಮೈಮೇಲಿನ ಚಿಗಟದಿಂದ ರೋಗ ಹರಡುತ್ತದೆ ಎಂದು ಸಿಮಾಂಡ್ ಕರಾಚಿಯಲ್ಲಿ ತೋರಿಸಿದ್ದು ಅದೇ 1898ರಲ್ಲಿ. ಮೈಸೂರಿನ ಇಕ್ಕಟ್ಟು ಗಲ್ಲಿ, ಗಾಳಿಯಾಡದ ಮನೆ, ತೆರೆದ ಚರಂಡಿ ಇಲಿಗಳಿಗೆ ಸ್ವರ್ಗವಾಗಿದ್ದವು. 1903ರಲ್ಲಿ ನಗರ ಸುಧಾರಣೆಗೆ ಅಂತಲೇ ಒಂದು ಟ್ರಸ್ಟ್ ಬೋರ್ಡ್ ಆಯಿತು. ಇಕ್ಕಟ್ಟು ಕೇರಿಗಳನ್ನು ಒಡೆದರು, ಹೊಸ ಬಡಾವಣೆ ಹಾಕಿದರು. ಇವತ್ತು ಹಳೇ ಬಡಾವಣೆಗಳ ಅಗಲ ರಸ್ತೆ, ಮನೆಗಳ ಹಿಂದೆ ಕಸ ಸಾಗಿಸಲು ಬಿಟ್ಟ ಕನ್ಸರ್ವೆನ್ಸಿ ಓಣಿ ನೋಡಿ ಮೈಸೂರು ಎಷ್ಟು ಚೆಂದ ಅನ್ನುತ್ತೇವೆ. ಆ ಚೆಂದದ ಹಿಂದೆ ಪ್ಲೇಗಿನ ಹೆದರಿಕೆಯೂ ಇದೆ. ಅಂದಿನ ಜನ ಮಾರಮ್ಮನಿಗೆ ಕೈ ಮುಗಿಯುತ್ತಲೇ ಗಲ್ಲಿ ಅಗಲ ಮಾಡಿದರು. ಒಂದನ್ನು ಮಾಡಿದರೆ ಇನ್ನೊಂದು ಬೇಡ ಅನ್ನಲಿಲ್ಲ.

ಸರಿ, ಮನುಷ್ಯರ ಪಾಲನ್ನೆಲ್ಲ ಕಳೆದಿಟ್ಟೆವು ಅನ್ನಿ. ಆಮೇಲೂ ಒಂದಿಷ್ಟು ಉಳಿಯುತ್ತದೆ. ಹುಟ್ಟುತ್ತಲೇ ಹೃದಯದಲ್ಲಿ ತೂತಿರುವ ಮಗು ಯಾರ ತಪ್ಪು?

ಭಾರತದಲ್ಲಿ ಈ ಪ್ರಶ್ನೆಯನ್ನು ನಾಸ್ತಿಕರು ಮಾತ್ರ ಕೇಳಿದ್ದು ಅಂದುಕೊಳ್ಳಬೇಡಿ. ವೇದಾಂತದ ಮೂಲ ಪಠ್ಯವಾದ ಬ್ರಹ್ಮಸೂತ್ರದಲ್ಲೇ ಇದು ನೇರವಾಗಿ ಬರುತ್ತದೆ. ಎರಡನೇ ಅಧ್ಯಾಯದ ಮೊದಲ ಪಾದದಲ್ಲಿ (ಅಂದರೆ ಭಾಗದಲ್ಲಿ) 33ನೇ ಸೂತ್ರ, ದೇವರು ಲೋಕವನ್ನು ಯಾವ ಲಾಭಕ್ಕೂ ಮಾಡಲಿಲ್ಲ, ಅದು ಬರೀ ಲೀಲೆ ಅನ್ನುತ್ತದೆ. ಆಟ ಅಂದ ತಕ್ಷಣ ಯಾರಿಗಾದರೂ ಸಿಟ್ಟು ಬರುತ್ತದೆ. ನಿನಗೆ ಆಟ, ನಮಗೆ ಪ್ರಾಣಸಂಕಟ! ಸೂತ್ರಕಾರನಿಗೂ ಅದು ಗೊತ್ತಿತ್ತು ಅಂತ ಕಾಣುತ್ತದೆ. ಮುಂದಿನ 34ನೇ ಸೂತ್ರದಲ್ಲೇ ದೇವರ ಮೇಲೆ ಎರಡು ಆಪಾದನೆ ಎತ್ತಿಕೊಳ್ಳುತ್ತಾನೆ. ಒಂದು ವೈಷಮ್ಯ, ಅಂದರೆ ಒಬ್ಬರಿಗೊಂದು ಇನ್ನೊಬ್ಬರಿಗೊಂದು ಮಾಡುವ ಪಕ್ಷಪಾತ. ಇನ್ನೊಂದು ನೈರ್ಘೃಣ್ಯ, ಅಂದರೆ ಎದೆಯಲ್ಲಿ ಕನಿಕರ ಇಲ್ಲದಿರುವುದು. ಎರಡೂ ದೇವರಿಗೆ ಅಂಟುವುದಿಲ್ಲ, ಏಕೆಂದರೆ ಅವನು ಜೀವಿಗಳ ಕರ್ಮ ನೋಡಿ ಫಲ ಕೊಡುತ್ತಾನೆ ಅನ್ನುವುದು ಉತ್ತರ.

ಶಂಕರಾಚಾರ್ಯರು ಇಲ್ಲಿ ಮಳೆಯ ಉದಾಹರಣೆ ಕೊಡುತ್ತಾರೆ. ಮಳೆ ಎಲ್ಲ ಬೆಳೆಗೂ ಒಂದೇ. ಭತ್ತ ಭತ್ತವಾಗಿ, ಜವೆ ಜವೆಯಾಗಿ ಬೆಳೆಯುವುದು ಬೀಜದ ಗುಣದಿಂದ. ದೇವರು ಮಳೆ, ಕರ್ಮ ಬೀಜ. ಮಂಡ್ಯದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದೇ ತೂಬಿನ ನೀರು ಒಂದು ಗದ್ದೆಯಲ್ಲಿ ಕಬ್ಬಾಗುತ್ತದೆ, ಪಕ್ಕದ ಗದ್ದೆಯಲ್ಲಿ ಭತ್ತ. ನೀರನ್ನು ದೂರಿ ಪ್ರಯೋಜನ ಇಲ್ಲ. (ನೀರು ಬಿಡುವವರನ್ನು ದೂರಬಹುದು. ಕೊನೇ ಭಾಗದ ರೈತರು ಅದನ್ನು ಮಾಡುತ್ತಲೇ ಇದ್ದಾರೆ.)

ಆದರೆ ಮೊಟ್ಟಮೊದಲ ಸಲ ಜೀವ ಹುಟ್ಟಿದಾಗ ಹಿಂದಿನ ಕರ್ಮ ಇರಲಿಲ್ಲವಲ್ಲ? ಆಗ ಒಬ್ಬನನ್ನು ಹೀಗೆ, ಇನ್ನೊಬ್ಬನನ್ನು ಹಾಗೆ ಮಾಡಿದ್ದು ಯಾಕೆ? 35ನೇ ಸೂತ್ರ ಈ ಪ್ರಶ್ನೆಯನ್ನೂ ಎತ್ತುತ್ತದೆ. ಮೊದಲ ಸಲ ಅನ್ನುವುದೇ ಇಲ್ಲ, ಸಂಸಾರ ಅನಾದಿ ಅನ್ನುವುದು ಅದರ ಉತ್ತರ. ನನಗೆ ಇದು ಉತ್ತರಕ್ಕಿಂತ ಜಾಸ್ತಿ ಮುಂದೂಡಿಕೆ ಅನಿಸುತ್ತದೆ. ಪ್ರತಿ ಜನ್ಮದ ಅಸಮಾನತೆಗೂ ಹಿಂದಿನ ಜನ್ಮ ಕಾರಣ ಸರಿ, ಆದರೆ ಇಡೀ ಸರಪಳಿ ಯಾಕೆ ಇದೆ ಅನ್ನುವ ಪ್ರಶ್ನೆ ಇದ್ದಲ್ಲೇ ಇರುತ್ತದೆ.

ಅಷ್ಟಾದರೂ ಒಂದು ದೊಡ್ಡ ವ್ಯತ್ಯಾಸವನ್ನು ಇಲ್ಲಿ ಗುರುತಿಸಬೇಕು. ವೇದಾಂತದ ಈಶ್ವರ ಜೀವಗಳನ್ನು ಏನೂ ಇಲ್ಲದಲ್ಲಿಂದ ಹೊಸದಾಗಿ ಮಾಡುವುದಿಲ್ಲ. ಜೀವ ಅವನಷ್ಟೇ ಹಳೆಯದು. ಅವನು ಇರುವುದನ್ನು ಜೋಡಿಸುತ್ತಾನೆ, ನಡೆಸುತ್ತಾನೆ. ಕ್ರೈಸ್ತ, ಇಸ್ಲಾಂ ಮತಗಳ ಸೃಷ್ಟಿಕರ್ತ ಜೀವವನ್ನೂ ತಾನೇ ಉಂಟುಮಾಡುತ್ತಾನೆ. ಹಾಗಾಗಿ ಅಲ್ಲಿ ಹೊಣೆಯ ಭಾರ ಪೂರ್ತಿ ಅವನ ಹೆಗಲಿಗೆ ಬೀಳುತ್ತದೆ. ಯೂರೋಪಿನ ವಾದವನ್ನು ಹಾಗೇ ಎತ್ತಿ ನಮ್ಮ ದೇವರ ಮೇಲೆ ಹಾಕಿದರೆ ಅದು ಸರಿಯಾಗಿ ಕೂರುವುದಿಲ್ಲ. ಹಾಗೆಯೇ ಕರ್ಮದ ಉತ್ತರವನ್ನು ಎತ್ತಿ ಅವರಿಗೆ ಕೊಟ್ಟರೆ ಅಲ್ಲೂ ಕೂರುವುದಿಲ್ಲ.

ಆ ಭಾರ ಎಷ್ಟು ಅನ್ನುವುದಕ್ಕೆ ಇರಾಕಿನ ಬಸ್ರಾ ಪಟ್ಟಣದ ಇಸ್ಲಾಂ ಪಂಡಿತರ ಒಂದು ಹಳೇ ಕಥೆ ಇದೆ. ಸುಮಾರು 10ನೇ ಶತಮಾನದ ಶುರು. ದೇವರು ಯಾವಾಗಲೂ ಮನುಷ್ಯನಿಗೆ ಒಳ್ಳೆಯದಾಗುವುದನ್ನೇ ಮಾಡುತ್ತಾನೆ, ಅದು ಅವನ ನ್ಯಾಯ ಎಂದು ಜುಬ್ಬಾಯಿ ಎಂಬ ಗುರು ಪಾಠ ಹೇಳುತ್ತಿದ್ದ. ಶಿಷ್ಯ ಅಶ್‌ಅರಿ ಕೇಳಿದ: ಮೂವರು ಅಣ್ಣತಮ್ಮಂದಿರು. ಒಬ್ಬ ದೊಡ್ಡವನಾಗಿ ಭಕ್ತನಾಗಿ ಸತ್ತ. ಒಬ್ಬ ದೊಡ್ಡವನಾಗಿ ಪಾಪಿಯಾಗಿ ಸತ್ತ. ಇನ್ನೊಬ್ಬ ಮಗುವಾಗಿದ್ದಾಗಲೇ ಸತ್ತ. ಇವರ ಗತಿ ಏನು? ಭಕ್ತನಿಗೆ ಸ್ವರ್ಗದಲ್ಲಿ ದೊಡ್ಡ ಸ್ಥಾನ, ಪಾಪಿಗೆ ನರಕ, ಮಗುವಿಗೆ ಶಿಕ್ಷೆಯೂ ಇಲ್ಲ, ದೊಡ್ಡ ಸ್ಥಾನವೂ ಇಲ್ಲ ಅಂದ ಗುರು. ಮಗು ದೇವರನ್ನು, ನನಗೂ ಆಯಸ್ಸು ಕೊಟ್ಟಿದ್ದರೆ ನಾನೂ ಒಳ್ಳೆಯದು ಮಾಡಿ ಆ ಸ್ಥಾನ ಪಡೆಯುತ್ತಿದ್ದೆನಲ್ಲ ಎಂದು ಕೇಳಿದರೆ? ನೀನು ಬೆಳೆದಿದ್ದರೆ ಪಾಪ ಮಾಡಿ ನರಕಕ್ಕೆ ಹೋಗುತ್ತಿದ್ದೆ, ಅದು ನನಗೆ ಗೊತ್ತಿತ್ತು, ನಿನ್ನ ಒಳ್ಳೆಯದಕ್ಕೇ ಬೇಗ ಕರೆಸಿಕೊಂಡೆ ಅನ್ನುತ್ತಾನೆ ದೇವರು, ಅಂದ ಗುರು. ಆಗ ಶಿಷ್ಯ ಕೇಳಿದ: ಹಾಗಾದರೆ ನರಕದಲ್ಲಿರುವವನು, ನನ್ನ ವಿಷಯವೂ ನಿನಗೆ ಗೊತ್ತಿತ್ತಲ್ಲ, ನನ್ನನ್ನು ಯಾಕೆ ಮಗುವಾಗಿದ್ದಾಗಲೇ ಕರೆಸಿಕೊಳ್ಳಲಿಲ್ಲ ಅಂತ ಕೂಗಿದರೆ?

ಗುರು ಸುಮ್ಮನಾದ. ಅಶ್‌ಅರಿ ಗುರುವಿನ ಪಂಥವನ್ನೇ ಬಿಟ್ಟ ಅನ್ನುತ್ತದೆ ಕಥೆ. ನಡೆದದ್ದೋ ಕಟ್ಟಿದ್ದೋ, ಪ್ರಶ್ನೆಯಂತೂ ಗಟ್ಟಿ. "ಎಲ್ಲ ಒಳ್ಳೆಯದಕ್ಕೇ ಆಯ್ತು ಬಿಡಿ" ಎಂದು ಸಾವಿನ ಮನೆಯಲ್ಲಿ ಹೇಳುವವರಿಗೆ ಇದಕ್ಕಿಂತ ಒಳ್ಳೆ ಉತ್ತರ ಇಲ್ಲ. ಮನುಷ್ಯನ ಕೆಲಸವನ್ನು ಉಂಟುಮಾಡುವವನು ದೇವರೇ, ಮನುಷ್ಯ ಅದನ್ನು ತನ್ನದಾಗಿ ಮಾಡಿಕೊಳ್ಳುತ್ತಾನೆ ಅಷ್ಟೆ ಎಂದು ಮುಂದೆ ಅಶ್‌ಅರಿಯ ಪಂಥ ಹೇಳಿತು. ಆ ಉತ್ತರ ಎಷ್ಟು ನುಣುಚಿಕೊಳ್ಳುತ್ತದೆ ಅಂದರೆ ಅವರವರಲ್ಲೇ ಅದರ ಬಗ್ಗೆ ಗೊಣಗಾಟ ಇತ್ತು.

ಕರ್ಮದ ಉತ್ತರಕ್ಕೆ ಇನ್ನೊಂದು ತೊಡಕಿದೆ, ಅದು ತರ್ಕದ್ದಲ್ಲ. ನನ್ನ ಕಷ್ಟಕ್ಕೆ ನನ್ನ ಹಿಂದಿನ ಕರ್ಮ ಕಾರಣ ಎಂದು ನಾನೇ ಹೇಳಿಕೊಂಡರೆ ಅದರಿಂದ ಸ್ವಲ್ಪ ಧೈರ್ಯ ಬರಬಹುದು. ಇನ್ನು ಮುಂದಾದರೂ ಸರಿಯಾಗಿರೋಣ ಅನಿಸಬಹುದು. ಅದೇ ಮಾತನ್ನು ಪಕ್ಕದವನ ಕಷ್ಟ ನೋಡಿ ಹೇಳಿದರೆ? ನಾಲೆಯಲ್ಲಿ ಮಗ ಹೋದ ತಾಯಿಗೆ ಹೇಳಿದರೆ? ಅಲ್ಲಿ ಅದೇ ವಾಕ್ಯ ತೀರ್ಪಾಗುತ್ತದೆ. ಅಂಬೇಡ್ಕರ್ ಈ ವಿಷಯದಲ್ಲಿ ಖಡಾಖಂಡಿತವಾಗಿ ಮಾತಾಡಿದ್ದಾರೆ. ಬಡವರ, ಕೆಳಗಿಟ್ಟವರ ಸ್ಥಿತಿಗೆ ಅವರ ಹಿಂದಿನ ಜನ್ಮದ ಕರ್ಮವೇ ಕಾರಣ ಅನ್ನುವ ಸಿದ್ಧಾಂತ, ಸರ್ಕಾರ ಮತ್ತು ಸಮಾಜ ತಮ್ಮ ಹೊಣೆಯಿಂದ ತಪ್ಪಿಸಿಕೊಳ್ಳಲು ಮಾಡಿಕೊಂಡ ದಾರಿ ಎಂಬುದು ಅವರ ವಾದ. ಬೈಬಲಿನ ಯೋಬನ ಕಥೆಯೂ ಇಲ್ಲಿಗೇ ಬರುತ್ತದೆ. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡ ಯೋಬನ ಜೊತೆ ಗೆಳೆಯರು ಏಳು ದಿನ ಸುಮ್ಮನೆ ಕೂರುತ್ತಾರೆ. ಅಲ್ಲಿವರೆಗೆ ಸರಿ. ಆಮೇಲೆ, ನೀನು ಏನೋ ಪಾಪ ಮಾಡಿರಬೇಕು ಎಂದು ವಿವರಿಸಲು ಶುರು ಮಾಡುತ್ತಾರೆ. ಕೊನೆಗೆ ದೇವರು ಬೈಯುವುದು ದೂರು ಹೇಳಿದ ಯೋಬನಿಗಿಂತ ಜಾಸ್ತಿ ಆ ಗೆಳೆಯರನ್ನು.

ಪ್ರಾಣಿಗಳ ಮಾತೂ ಇದೆ. ಕಾಡಿನ ಬೆಂಕಿಯಲ್ಲಿ ಸಿಕ್ಕಿ, ಯಾರೂ ನೋಡದೆ, ದಿನಗಟ್ಟಲೆ ನರಳಿ ಸಾಯುವ ಒಂದು ಜಿಂಕೆ ಮರಿಯನ್ನು 1979ರಲ್ಲಿ ಅಮೆರಿಕದ ತತ್ತ್ವಜ್ಞಾನಿ ವಿಲಿಯಂ ರೋ ಉದಾಹರಣೆಯಾಗಿ ಇಟ್ಟ. ಅದರಿಂದ ಯಾರಿಗೂ ಪಾಠ ಇಲ್ಲ, ಯಾರ ಸ್ವಾತಂತ್ರ್ಯವೂ ಉಳಿಯಲಿಲ್ಲ. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದಾಗಿನ ಸುದ್ದಿ ನೋಡಿದವರಿಗೆ ಇದು ಕಲ್ಪನೆ ಅನಿಸುವುದಿಲ್ಲ. ಪ್ರಾಣಿ ಹೊಸ ಕರ್ಮ ಮಾಡುವುದಿಲ್ಲ, ಹಳೆಯದನ್ನು ಅನುಭವಿಸಿ ತೀರಿಸುತ್ತದೆ ಎಂದು ನಮ್ಮ ಸಂಪ್ರದಾಯ ಹೇಳುತ್ತದೆ. ಯಾವುದಕ್ಕೆ ಶಿಕ್ಷೆ ಅಂತ ತಿಳಿಯದ ಶಿಕ್ಷೆಯಿಂದ ಏನು ಉಪಯೋಗ ಎಂಬ ಪ್ರಶ್ನೆಗೆ ನನಗೆ ಸಮಾಧಾನ ಸಿಕ್ಕಿಲ್ಲ.

ಇನ್ನು ನಮ್ಮ ಇಷ್ಟದ ವಿಷಯ. ಗೀತೆಯ 18ನೇ ಅಧ್ಯಾಯದ 61ನೇ ಶ್ಲೋಕದಲ್ಲಿ ಕೃಷ್ಣ ಹೇಳುತ್ತಾನೆ: ಈಶ್ವರ ಎಲ್ಲರ ಹೃದಯದಲ್ಲಿದ್ದು, ಯಂತ್ರಕ್ಕೆ ಏರಿಸಿದವರಂತೆ ಎಲ್ಲರನ್ನೂ ತಿರುಗಿಸುತ್ತಿದ್ದಾನೆ. ಸರಿ, ನಾವು ಬೊಂಬೆ. ಎರಡೇ ಶ್ಲೋಕ ದಾಟಿ 63ನೆಯದಕ್ಕೆ ಬನ್ನಿ: ಇದನ್ನೆಲ್ಲ ಚೆನ್ನಾಗಿ ಯೋಚಿಸಿ, ನಿನಗೆ ಇಷ್ಟ ಬಂದಂತೆ ಮಾಡು. ಬೊಂಬೆಗೆ ಯಾರಾದರೂ ಇಷ್ಟ ಬಂದಂತೆ ಮಾಡು ಅನ್ನುತ್ತಾರಾ? ಕೌಷೀತಕಿ ಉಪನಿಷತ್ತಿನ ಮೂರನೇ ಅಧ್ಯಾಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಯಾರನ್ನು ಮೇಲೆತ್ತಬೇಕೋ ಅವರಿಂದ ಒಳ್ಳೆ ಕೆಲಸ ಮಾಡಿಸುವವನು ಅವನೇ, ಯಾರನ್ನು ಕೆಳಗಿಳಿಸಬೇಕೋ ಅವರಿಂದ ಕೆಟ್ಟ ಕೆಲಸ ಮಾಡಿಸುವವನೂ ಅವನೇ.

ಈ ಗಂಟನ್ನು ಬಿಡಿಸಲು ಕೂತವರಲ್ಲಿ ನನಗೆ ಹಿಡಿಸುವುದು ರಾಮಾನುಜರು. ಚೋಳ ದೇಶ ಬಿಟ್ಟು ಬಂದು ನಮ್ಮ ತೊಣ್ಣೂರು, ಮೇಲುಕೋಟೆ ಕಡೆ ಸುಮಾರು 12 ವರ್ಷ ಇದ್ದರು ಎಂದು ಸಂಪ್ರದಾಯ ಹೇಳುತ್ತದೆ. ನಮ್ಮ ಊರಿನವರು ಅಂತ ಹಿಡಿಸಿದ್ದಲ್ಲ. ಅವರು ತೆಗೆದುಕೊಂಡ ಉದಾಹರಣೆ ಹಾಗಿದೆ. ಬ್ರಹ್ಮಸೂತ್ರದ ಎರಡನೇ ಅಧ್ಯಾಯ, ಮೂರನೇ ಪಾದದಲ್ಲಿ, ಜೀವದ ಕರ್ತೃತ್ವ, ಅಂದರೆ ಕೆಲಸ ಮಾಡುವ ಶಕ್ತಿ, ದೇವರಿಂದಲೇ ಬರುತ್ತದೆ, ಆದರೆ ದೇವರು ಜೀವದ ಪ್ರಯತ್ನವನ್ನು ನೋಡಿಯೇ ಮಾಡಿಸುತ್ತಾನೆ, ಇಲ್ಲದಿದ್ದರೆ ಇದು ಮಾಡು ಇದು ಮಾಡಬೇಡ ಅನ್ನುವ ಶಾಸ್ತ್ರಕ್ಕೆ ಅರ್ಥವೇ ಇರುವುದಿಲ್ಲ ಎಂಬ ಎರಡು ಸೂತ್ರ ಬರುತ್ತವೆ. ಅದಕ್ಕೆ ಅವರು ಕೊಡುವ ಹೋಲಿಕೆ, ಇಬ್ಬರಿಗೆ ಸೇರಿದ ಜಂಟಿ ಆಸ್ತಿ.

ನಮ್ಮ ಕಡೆ ಇದನ್ನು ಎಲ್ಲರೂ ನೋಡಿರುತ್ತಾರೆ. ಅಪ್ಪನಿಂದ ಬಂದ ಒಂದೆಕರೆ ಗದ್ದೆ. ಪಹಣಿಯಲ್ಲಿ ಅಣ್ಣ ತಮ್ಮ ಇಬ್ಬರ ಹೆಸರೂ ಇದೆ, ಭಾಗ ಆಗಿಲ್ಲ. ತಮ್ಮನಿಗೆ ಮಾರಬೇಕು. ಅಣ್ಣನಿಗೆ ಇಷ್ಟವಿಲ್ಲ. "ಬೇಡ ಕಣೋ, ಅಪ್ಪ ಕಷ್ಟಪಟ್ಟು ಉಳಿಸಿದ್ದು" ಎಂದು ಹೇಳಿ ನೋಡುತ್ತಾನೆ. ತಮ್ಮ ಹಟ ಬಿಡುವುದಿಲ್ಲ. ಕೊನೆಗೊಂದು ದಿನ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅಣ್ಣ ಸಹಿ ಹಾಕುತ್ತಾನೆ. ಆ ಸಹಿ ಇಲ್ಲದೆ ಮಾರಾಟ ಆಗುತ್ತಲೇ ಇರಲಿಲ್ಲ. ಹಾಗಂತ ಮಾರಿದವನು ಅಣ್ಣನಾ? ಊರಲ್ಲಿ ಯಾರನ್ನು ಕೇಳಿದರೂ ತಮ್ಮ ಮಾರಿಕೊಂಡ ಅಂತಲೇ ಹೇಳುತ್ತಾರೆ. ದೇವರು ಹೀಗೆ ಅನುಮತಿ ಕೊಡುವವನು, ಅವನ ಒಪ್ಪಿಗೆ ಇಲ್ಲದೆ ಹುಲ್ಲುಕಡ್ಡಿ ಅಲ್ಲಾಡುವುದಿಲ್ಲ, ಆದರೂ ಮೊದಲು ಬಯಸಿದವನು, ಹೊರಟವನು ಜೀವ. ಆದ್ದರಿಂದ ಫಲ ಜೀವದ್ದು. ಕೌಷೀತಕಿಯ ಆ ಮಾತು, ಒಳ್ಳೆಯದರ ಕಡೆಗೋ ಕೆಟ್ಟದ್ದರ ಕಡೆಗೋ ಆಗಲೇ ಗಟ್ಟಿ ಮನಸ್ಸು ಮಾಡಿದವರ ವಿಷಯದಲ್ಲಿ ಮಾತ್ರ ಎಂದು ರಾಮಾನುಜರು ಹೇಳುತ್ತಾರೆ.

ನಾನು ಇಲ್ಲಿ ಒಂದು ತಕರಾರು ಎತ್ತುತ್ತೇನೆ. ತಮ್ಮ ತನ್ನ ಪಾಲು ಕಳೆದುಕೊಂಡರೆ ಅದು ಅವನ ಪಾಡು. ಆದರೆ ಆ ದುಡ್ಡಲ್ಲಿ ಅವನು ಕುಡಿದು ಬಂದು ಹೆಂಡತಿಗೆ ಹೊಡೆದರೆ? ಅದೂ ಗೊತ್ತಿದ್ದೇ ಅಣ್ಣ ಸಹಿ ಹಾಕಿದ್ದರೆ? ಆ ಹೆಣ್ಣುಮಗಳು ಕಚೇರಿಗೆ ಬಂದಿರಲಿಲ್ಲ, ಅವಳನ್ನು ಯಾರೂ ಕೇಳಿರಲೂ ಇಲ್ಲ. ನನ್ನ ಸ್ವಾತಂತ್ರ್ಯದ ಬೆಲೆಯನ್ನು ಇನ್ನೊಬ್ಬರು ಯಾಕೆ ಕಟ್ಟಬೇಕು ಅನ್ನುವ ಪ್ರಶ್ನೆ ಜಂಟಿ ಖಾತೆಯಲ್ಲಿ ಬಗೆಹರಿಯುವುದಿಲ್ಲ. ಅವಳ ಕರ್ಮ ಹಾಗಿತ್ತು ಅಂದರೆ, ಮೇಲೆ ಹೇಳಿದ ತೀರ್ಪಿನ ತೊಡಕಿಗೇ ಬಿದ್ದ ಹಾಗೆ.

ಪಶ್ಚಿಮದಲ್ಲೂ ಸ್ವಾತಂತ್ರ್ಯವೇ ದೊಡ್ಡ ಉತ್ತರ. ಒಬ್ಬ ಮನುಷ್ಯ ಒಂದು ಸಲ ತಾನಾಗಿ ಒಳ್ಳೆಯದನ್ನು ಆರಿಸಬಲ್ಲ ಅಂದರೆ, ಪ್ರತಿ ಸಲವೂ ತಾನಾಗಿ ಒಳ್ಳೆಯದನ್ನೇ ಆರಿಸುವ ಜನರನ್ನು ದೇವರು ಯಾಕೆ ಮಾಡಲಿಲ್ಲ ಎಂದು 1955ರಲ್ಲಿ ಮ್ಯಾಕಿ ಎಂಬ ತತ್ತ್ವಜ್ಞಾನಿ ಕೇಳಿದ. ದೇವರು ಸ್ವತಂತ್ರ ಜನರನ್ನು ಮಾಡಬಹುದು, ಆದರೆ ಅವರು ಏನನ್ನು ಆರಿಸುತ್ತಾರೆ ಅನ್ನುವುದನ್ನೂ ತಾನೇ ನಿಗದಿ ಮಾಡಿದರೆ ಆಮೇಲೆ ಅವರು ಸ್ವತಂತ್ರರೇ ಅಲ್ಲ ಎಂದು 1974ರಲ್ಲಿ ಪ್ಲಾಂಟಿಂಗಾ ಎಂಬ ಇನ್ನೊಬ್ಬ ತತ್ತ್ವಜ್ಞಾನಿ ಉತ್ತರಿಸಿದ. ಉತ್ತರ ಗಟ್ಟಿ ಇದೆ. ಜಿಂಕೆ ಮರಿಗೆ ಮಾತ್ರ ಅದರಿಂದ ಏನೂ ಸಿಗುವುದಿಲ್ಲ.

ದೇವರಿಗೆ ನಾಳೆಯದೆಲ್ಲ ಮೊದಲೇ ಗೊತ್ತಿದ್ದರೆ ನನ್ನ ಆಯ್ಕೆ ನಾಟಕವಲ್ಲವೇ ಎಂದು ಎಷ್ಟೋ ಜನ ಕೇಳುತ್ತಾರೆ. ಇದು ಅಷ್ಟು ದೊಡ್ಡ ತೊಡಕು ಅಂತ ನನಗೆ ಅನಿಸುವುದಿಲ್ಲ. ಒಂಟಿಕೊಪ್ಪಲ್ ಪಂಚಾಂಗದಲ್ಲಿ ಬರೆದಿದೆ ಅಂತ ಗ್ರಹಣ ಹಿಡಿಯುವುದಿಲ್ಲ. ಗೊತ್ತಿರುವುದು ಬೇರೆ, ಮಾಡಿಸುವುದು ಬೇರೆ. ಕಷ್ಟ ಬರುವುದು ಗೊತ್ತಿರುವವನೇ ಮಾಡಿದವನೂ ಆಗಿದ್ದಾಗ.

ಮಧ್ವರ ದಾರಿ ಇನ್ನೂ ಕಠಿಣ. ಟಿ. ನರಸೀಪುರ ತಾಲೂಕಿನ ಸೋಸಲೆಯ ವ್ಯಾಸರಾಜ ಮಠ ಈ ಪರಂಪರೆಯದು. ಸ್ವತಂತ್ರ ಅನ್ನುವವನು ವಿಷ್ಣು ಒಬ್ಬನೇ, ಉಳಿದವರೆಲ್ಲ ಅವನ ಅಧೀನ. ಜೀವಗಳ ಸ್ವಭಾವವೇ ಬೇರೆ ಬೇರೆ, ಅದು ಅನಾದಿ. ಕೆಲವರು ಮುಕ್ತಿಗೆ ಯೋಗ್ಯರು, ಕೆಲವರು ಸಂಸಾರದಲ್ಲೇ ತಿರುಗುವವರು, ಕೆಲವರು ಕತ್ತಲಿಗೇ ಹೋಗುವವರು. ದೇವರು ಆ ಸ್ವಭಾವವನ್ನು ಮಾಡಲಿಲ್ಲ, ಹೊರಗೆ ತರುತ್ತಾನೆ ಅಷ್ಟೆ. ಕೇಳಲು ಕಹಿ. ಆದರೆ ಯಾವುದನ್ನೂ ಸಿಹಿ ಮಾಡಿ ಹೇಳುವುದಿಲ್ಲ. ಒಬ್ಬರಿಗೆ ಸಿಕ್ಕಿದ್ದು ಇನ್ನೊಬ್ಬರಿಗೆ ಯಾಕೆ ಸಿಗಲಿಲ್ಲ ಎಂದು ಕೊನೆವರೆಗೂ ಕೇಳುತ್ತ ಹೋದರೆ ಇಲ್ಲಿಗೇ ಬರಬೇಕಾಗುತ್ತದೋ ಏನೋ ಎಂದು ನನಗೆ ಒಮ್ಮೊಮ್ಮೆ ಅನಿಸಿದೆ.

ಸೃಷ್ಟಿಕರ್ತನೇ ಬೇಡ ಅಂದವರೂ ನಮ್ಮಲ್ಲೇ ಇದ್ದರು. ನಾಗಮಂಗಲ ತಾಲೂಕಿನ ಕಂಬದಹಳ್ಳಿಗೆ ಹೋದರೆ ಗಂಗರ ಕಾಲದ ಜೈನ ಪಂಚಕೂಟ ಬಸದಿ ಇದೆ. ಅಲ್ಲಿ ಕೂತಿರುವ ತೀರ್ಥಂಕರ ಲೋಕವನ್ನು ಮಾಡಿದವನಲ್ಲ, ಯಾರ ಕಷ್ಟಕ್ಕೂ ಹೊಣೆಯಲ್ಲ. 9ನೇ ಶತಮಾನದ ಜಿನಸೇನ ಸೃಷ್ಟಿಕರ್ತನ ಕಲ್ಪನೆಯನ್ನು ಒಂದೊಂದೇ ಪ್ರಶ್ನೆ ಹಾಕಿ ಕೆಡವಿದ. ಲೋಕ ಮಾಡುವ ಮೊದಲು ಅವನು ಎಲ್ಲಿದ್ದ? ಪೂರ್ಣನಾಗಿದ್ದವನಿಗೆ ಮಾಡುವ ಆಸೆ ಯಾಕೆ ಬಂತು? ವೇದವನ್ನು ಒಪ್ಪುವ ಮೀಮಾಂಸಕ (ವೇದದ ಕರ್ಮಭಾಗವನ್ನು ವಿಚಾರಿಸುವ ಪಂಥದವನು) ಕುಮಾರಿಲ ಭಟ್ಟನೂ ಸೃಷ್ಟಿಕರ್ತನನ್ನು ಒಪ್ಪಲಿಲ್ಲ. ಉದ್ದೇಶ ಇಲ್ಲದೆ ದಡ್ಡನೂ ಕೆಲಸಕ್ಕೆ ಕೈ ಹಾಕುವುದಿಲ್ಲ ಅನ್ನುವುದು ಅವನ ಮಾತು. ಕರ್ಮ ತಾನೇ ಫಲ ಕೊಡುವುದಾದರೆ ನಡುವೆ ದೇವರು ಯಾತಕ್ಕೆ ಅನ್ನುವುದು ಇವರ ಹತ್ತಿರ ಇರುವ ಚೂಪಾದ ಪ್ರಶ್ನೆ. ಕರ್ಮಕ್ಕೆ ಬುದ್ಧಿ ಇಲ್ಲ, ಅದನ್ನು ನೋಡಿ ಹಂಚುವವನೊಬ್ಬ ಬೇಕು ಎಂದು ನೈಯಾಯಿಕರು, ಅಂದರೆ ತರ್ಕಶಾಸ್ತ್ರದ ಪಂಥದವರು, ಹೇಳಿದರು.

ಆದರೆ ಭಕ್ತನಿಗೆ ಬೇಕಾಗಿರುವುದು ಲೆಕ್ಕ ನೋಡಿ ಹಂಚುವವನಲ್ಲ. ಲೆಕ್ಕ ಹರಿದು ಹಾಕುವವನು. ಎಲ್ಲ ಪಾಪದಿಂದಲೂ ನಿನ್ನನ್ನು ಬಿಡಿಸುತ್ತೇನೆ ಎಂದು ಗೀತೆಯ ಕೊನೆಯಲ್ಲಿ ಕೃಷ್ಣ ಮಾತು ಕೊಡುತ್ತಾನಲ್ಲ, ಅದು. ಇಲ್ಲಿ ಹಳೇ ಆಪಾದನೆ ಮತ್ತೆ ತಲೆ ಎತ್ತುತ್ತದೆ. ಕರ್ಮವನ್ನು ಅಳಿಸುವ ಶಕ್ತಿ ಅವನಿಗಿದ್ದರೆ ಎಲ್ಲರದ್ದನ್ನೂ ಇವತ್ತೇ ಯಾಕೆ ಅಳಿಸುವುದಿಲ್ಲ? ಕೆಲವರದ್ದು ಮಾತ್ರ ಅಳಿಸಿದರೆ ಅದು ಪಕ್ಷಪಾತ ಅಲ್ಲವಾ?

ರಾಮಾನುಜರ ನಂತರ ಅವರ ಅನುಯಾಯಿಗಳು ಇದೇ ಜಾಗದಲ್ಲಿ ಎರಡಾದರು. ಮೇಲುಕೋಟೆಯ ವೈರಮುಡಿ ಉತ್ಸವಕ್ಕೆ ಹೋದವರು ಎರಡು ತರದ ನಾಮ ನೋಡಿರುತ್ತಾರೆ. ಮೂಗಿನ ಮೇಲೆ ಪಾದ ಇಳಿಯುವುದು ತೆಂಗಲೈ, ಹುಬ್ಬಿನ ನಡುವೆಯೇ ನಿಲ್ಲುವುದು ವಡಗಲೈ. ನಾಮದ ಜಗಳ ಅಂದರೆ ನಗುತ್ತೇವೆ. ಅದರ ಹಿಂದೆ ಇರುವುದು ಈ ಪ್ರಶ್ನೆ. ತೆಂಗಲೈಯವರ ಆಚಾರ್ಯ ಪಿಳ್ಳೈ ಲೋಕಾಚಾರ್ಯರು ಕೃಪೆಗೆ ಕಾರಣವೇ ಬೇಡ ಅನ್ನುತ್ತಾರೆ. ಬೆಕ್ಕು ಮರಿಯನ್ನು ಕಚ್ಚಿ ಎತ್ತಿಕೊಂಡು ಹೋಗುತ್ತದೆ, ಮರಿ ಏನೂ ಮಾಡಬೇಕಿಲ್ಲ. ವಡಗಲೈಯವರ ಆಚಾರ್ಯ ವೇದಾಂತ ದೇಶಿಕರು ತಮಿಳುನಾಡಿನ ಶ್ರೀರಂಗದ ಮೇಲೆ ದಾಳಿ ಆದಾಗ ತಪ್ಪಿಸಿಕೊಂಡು ಬಂದು ಕಾವೇರಿ ದಡದ ಸತ್ಯಾಗಾಲದಲ್ಲಿ ಇದ್ದರು ಅನ್ನುತ್ತಾರೆ. ಕಣ್ಣೆದುರೇ ಅಷ್ಟು ಸಾವು ನೋಡಿದವರು. ಮಂಗನ ಮರಿ ತಾಯಿಯ ಹೊಟ್ಟೆಯನ್ನು ಹಿಡಿದುಕೊಳ್ಳುವಷ್ಟಾದರೂ ಜೀವ ಮಾಡಬೇಕು ಅನ್ನುವುದು ಅವರ ಪಕ್ಷ. ಆ ಸಣ್ಣ ಹಿಡಿತಕ್ಕೆ ಅವರು ವ್ಯಾಜ ಅನ್ನುತ್ತಾರೆ, ಅಂದರೆ ನೆಪ. ಅದು ಕೃಪೆಗೆ ಕೊಡುವ ಬೆಲೆಯಲ್ಲ. ಆದರೆ ಅಷ್ಟೂ ಇಲ್ಲದಿದ್ದರೆ ಎಲ್ಲರಿಗೂ ಒಂದೇ ಸಲ ಮೋಕ್ಷ ಆಗಬೇಕು, ಆಗಿಲ್ಲ ಅಂದರೆ ದೇವರು ಪಕ್ಷಪಾತಿ, ನಿರ್ದಯಿ ಎಂದು ಒಪ್ಪಬೇಕು.

ತೆಂಗಲೈ ಕಡೆಯವರು ಬಿಡುವುದಿಲ್ಲ. ನೆಪ ಬೇಕು ಅಂದಮೇಲೆ ಅದು ಕೃಪೆ ಹೇಗಾಯಿತು, ಕೂಲಿ ಆಯಿತು ಅನ್ನುತ್ತಾರೆ. ಆ ನೆಪ ಮಾಡುವ ಮನಸ್ಸಾದರೂ ಒಬ್ಬನಿಗೆ ಬಂದು ಇನ್ನೊಬ್ಬನಿಗೆ ಯಾಕೆ ಬರಲಿಲ್ಲ, ಅದನ್ನು ಕೊಟ್ಟವನೂ ಅವನೇ ತಾನೆ ಎಂದು ಕೇಳುತ್ತಾರೆ. ಅದಕ್ಕೆ ವಡಗಲೈಯವರು ಕೊಡಬಹುದಾದ ಉತ್ತರ ಒಂದೇ: ಅದು ಅವರವರ ಹಿಂದಿನ ಕರ್ಮ, ಕರ್ಮ ಅನಾದಿ. ಅಲ್ಲಿಗೆ ಚರ್ಚೆ ಮತ್ತೆ 35ನೇ ಸೂತ್ರದ ಹತ್ತಿರ ಬಂದು ನಿಲ್ಲುತ್ತದೆ.